ಶೇಕಡಾ ಇಪ್ಪತ್ತು ಸರಿ, ಯಾವುದರ ಇಪ್ಪತ್ತು?

ವಿದೇಶದಲ್ಲಿ ಸ್ನಾತಕೋತ್ತರ ಓದಿಗೆ ಸೇರಲು ಬರೆಯುವ ಪರೀಕ್ಷೆ ಜಿಆರ್‌ಇ. ಅದನ್ನು ಬರೆಯುವವರಿಗೆ ಪರದೆಯ ಮೇಲೆ ಒಂದು ಕ್ಯಾಲ್ಕ್ಯುಲೇಟರ್ ಕೊಡುತ್ತಾರೆ. ಕೂಡಲು, ಕಳೆಯಲು, ಗುಣಿಸಲು, ಭಾಗಿಸಲು, ವರ್ಗಮೂಲ ತೆಗೆಯಲು, ಆವರಣ ಹಾಕಲು ಎಲ್ಲಕ್ಕೂ ಗುಂಡಿಗಳಿವೆ. % ಗುಂಡಿ ಮಾತ್ರ ಇಲ್ಲ. ಅಮೆರಿಕದ ಕಾಲೇಜುಗಳಲ್ಲಿ ಪದವಿಗೆ ಸೇರಲು ಬರೆಯುವ ಎಸ್‌ಎಟಿಯಲ್ಲಂತೂ ಗಣಿತದ ಎರಡೂ ಭಾಗಗಳಿಗೆ ಡೆಸ್ಮೋಸ್ ಕ್ಯಾಲ್ಕ್ಯುಲೇಟರನ್ನು ಪರದೆಯಲ್ಲೇ ಕೊಟ್ಟಿರುತ್ತಾರೆ. ಎಂಬಿಎಯಂಥ ಓದಿಗೆ ಬರೆಯುವ ಜಿಮ್ಯಾಟ್‌ನ ಕ್ವಾಂಟ್ (ಗಣಿತ) ಭಾಗದಲ್ಲಿ ಕ್ಯಾಲ್ಕ್ಯುಲೇಟರ್ ಇಲ್ಲ ನಿಜ, ಆದರೆ ಅಲ್ಲಿ ಬರುವ ಸಂಖ್ಯೆಗಳು ಹೆಚ್ಚಾಗಿ 25, 40, 12.5ರಂಥವು, ಭಿನ್ನರಾಶಿಯಾಗಿ ಸಲೀಸಾಗಿ ಒಡೆಯುವಂಥವು. ಇದರಿಂದ ಒಂದು ವಿಷಯ ಸ್ಪಷ್ಟವಾಗುತ್ತದೆ. ನಿಮಗೆ ಗುಣಾಕಾರ ಬರುತ್ತದೋ ಇಲ್ಲವೋ ಎಂದು ನೋಡುವುದು ಈ ಪರೀಕ್ಷೆಗಳ ಉದ್ದೇಶವಲ್ಲ. ಶೇಕಡಾ ಲೆಕ್ಕಗಳಲ್ಲಿ ಅವರು ಪರೀಕ್ಷಿಸುವುದು ಓದುವುದನ್ನು.

ಈ ಪರೀಕ್ಷೆಗಳಿಗೆ ಕೂರುವವರ ಜೊತೆ ಸಂಜೆ ಹೊತ್ತು ಲೆಕ್ಕ ಬಿಡಿಸುತ್ತ ನಾನು ಹಲವು ವರ್ಷ ಕಳೆದಿದ್ದೇನೆ. ಬೀಜಗಣಿತದಲ್ಲಿ ಗಟ್ಟಿ ಇರುವವರು, ಕಲನಶಾಸ್ತ್ರ ಓದಿ ಬಂದವರು ಕೂಡ ಶೇಕಡಾ ಲೆಕ್ಕದಲ್ಲಿ ಅಂಕ ಬಿಟ್ಟುಕೊಡುವುದನ್ನು ನೋಡುತ್ತ ಬಂದಿದ್ದೇನೆ. ಅವರು ಎಡವುವ ಜಾಗ ಹೆಚ್ಚುಕಡಿಮೆ ಯಾವಾಗಲೂ ಒಂದೇ. 'ಶೇ. 20' ಎಂಬುದನ್ನು ಒಂದು ಸಂಖ್ಯೆ ಎಂದುಕೊಳ್ಳುತ್ತಾರೆ. ಅದು ಸಂಖ್ಯೆಯಲ್ಲ, ಸಂಬಂಧ. ಯಾವುದರ ಶೇ. 20 ಎಂದು ಗೊತ್ತಾಗುವ ತನಕ ಅದಕ್ಕೆ ಅರ್ಥವೇ ಇಲ್ಲ. ಆ 'ಯಾವುದರ' ಎಂಬುದನ್ನು ನಾನು ಬುಡ ಎಂದು ಕರೆಯುತ್ತೇನೆ. ಪ್ರಶ್ನೆಯಲ್ಲಿ ಎಷ್ಟು ಸಲ % ಬರುತ್ತದೋ ಅಷ್ಟು ಬುಡಗಳನ್ನು ಹುಡುಕಬೇಕು. ನನ್ನ ಜೊತೆ ಕೂರುವವರಿಗೆ ಮೊದಲು ಹೇಳುವುದು ಇದನ್ನೇ: ಕಚ್ಚಾ ಹಾಳೆಯಲ್ಲಿ ಪ್ರತಿ ಶೇಕಡಾ ಅಂಕಿಯ ಕೆಳಗೆ ಒಂದು ಬಾಣ ಎಳೆಯಿರಿ, ಬಾಣದ ತುದಿಯಲ್ಲಿ ಅದರ ಬುಡ ಯಾವುದು ಎಂದು ಬರೆಯಿರಿ, ಅದಾದ ಮೇಲೆಯೇ ಲೆಕ್ಕಕ್ಕೆ ಕೈ ಹಾಕಿ.

ಬಾಣ ಎಳೆಯದಿದ್ದರೆ ಏನಾಗುತ್ತದೆ ಎಂಬುದಕ್ಕೆ ಅಕ್ಕನ ಮಗಳ ಜೊತೆ ಮಾಡಿದ ಒಂದು ಲೆಕ್ಕವನ್ನೇ ಹೇಳುತ್ತೇನೆ. ಅವಳು ಜಿಆರ್‌ಇಗೆ ತಯಾರಿ ನಡೆಸುತ್ತಿದ್ದಳು. ಅವಳಿಗೆಂದು ನಾನೇ ಬರೆದ ಪ್ರಶ್ನೆ ಇದು. ಒಂದು ಸಂಘದ ಸದಸ್ಯರ ಸಂಖ್ಯೆ ಮೊದಲ ವರ್ಷ ಶೇ. 25ರಷ್ಟು ಹೆಚ್ಚಿತು, ಎರಡನೇ ವರ್ಷ ಶೇ. 20ರಷ್ಟು ಇಳಿಯಿತು, ಮೂರನೇ ವರ್ಷ ಶೇ. 10ರಷ್ಟು ಹೆಚ್ಚಿತು. ಈಗ 1,320 ಸದಸ್ಯರಿದ್ದಾರೆ. ಆರಂಭದಲ್ಲಿ ಎಷ್ಟು ಮಂದಿ ಇದ್ದರು? ಆಯ್ಕೆಗಳು: 1,122, 1,188, 1,200, 1,518.

ಅವಳು ಅರ್ಧ ನಿಮಿಷದಲ್ಲೇ 1,122 ಎಂದಳು. ಹೇಗೆ ಎಂದು ಕೇಳಿದೆ. "25 ಏರಿತು, 20 ಇಳಿಯಿತು, ಮತ್ತೆ 10 ಏರಿತು. ಒಟ್ಟು 15 ಏರಿದ ಹಾಗಾಯಿತಲ್ಲ ಚಿಕ್ಕಮ್ಮ? 1,320ರಲ್ಲಿ ಶೇ. 15 ತೆಗೆದೆ."

"ಸರಿ, ಈಗ 1,122ರಿಂದ ಹೊರಟು ಮುಂದಕ್ಕೆ ಬಾ" ಎಂದೆ. ಮೊದಲ ವರ್ಷ ಶೇ. 25 ಹೆಚ್ಚಿಸಿದಳು. 1,402.5 ಬಂತು. ಪೆನ್ಸಿಲ್ ಅಲ್ಲೇ ನಿಂತಿತು. "ಅರ್ಧ ಸದಸ್ಯ ಎಲ್ಲಿಂದ ಬಂದ?" ಎಂದು ತಾನೇ ಕೇಳಿಕೊಂಡಳು.

ಆಮೇಲೆ ಬಾಣಗಳನ್ನು ಎಳೆಸಿದೆ. ಮೊದಲ 25ರ ಬುಡ ಆರಂಭದ ಸಂಖ್ಯೆ. ನಂತರದ 20ರ ಬುಡ ಆರಂಭದ ಸಂಖ್ಯೆಯಲ್ಲ, ಮೊದಲ ವರ್ಷದ ಕೊನೆಯ ಸಂಖ್ಯೆ. 10ರ ಬುಡ ಎರಡನೇ ವರ್ಷದ ಕೊನೆಯದು. ಮೂರು ಶೇಕಡಾ, ಮೂರು ಬೇರೆ ಬೇರೆ ಬುಡ. ಬುಡ ಬೇರೆಯಾದ ಶೇಕಡಾಗಳನ್ನು ಕೂಡಲೂ ಬಾರದು, ಕಳೆಯಲೂ ಬಾರದು. ಗುಣಿಸಬೇಕು. ಶೇ. 25 ಹೆಚ್ಚಿತು ಎಂದರೆ 1.25ರಿಂದ ಗುಣಿಸಿದಂತೆ, ಶೇ. 20 ಇಳಿಯಿತು ಎಂದರೆ 0.8ರಿಂದ, ಶೇ. 10 ಹೆಚ್ಚಿತು ಎಂದರೆ 1.1ರಿಂದ. 1.25ನ್ನು 0.8ರಿಂದ ಗುಣಿಸಿದರೆ ಸರಿಯಾಗಿ 1. ಅಂದರೆ ಎರಡು ವರ್ಷ ಕಳೆಯುವ ಹೊತ್ತಿಗೆ ಸಂಘ ಹೊರಟ ಜಾಗಕ್ಕೇ ಬಂದು ನಿಂತಿದೆ. ಉಳಿದದ್ದು ಕೊನೆಯ ಶೇ. 10 ಮಾತ್ರ. 1,320ನ್ನು 1.1ರಿಂದ ಭಾಗಿಸಿದರೆ 1,200.

ತಪ್ಪು ಆಯ್ಕೆಗಳನ್ನು ಇನ್ನೊಮ್ಮೆ ನೋಡಿ. ಅವು ಮನಸ್ಸಿಗೆ ಬಂದ ಹಾಗೆ ಹಾಕಿದ ಸಂಖ್ಯೆಗಳಲ್ಲ. 1,188 ಎಂಬುದು 1,320ರಲ್ಲೇ ಶೇ. 10 ಕಳೆದವರಿಗೆ ಬರುವ ಉತ್ತರ. ಅವರು ದಾರಿಯನ್ನು ಬಹುಪಾಲು ಸರಿಯಾಗಿಯೇ ನಡೆದಿದ್ದಾರೆ, ಕೊನೆಯ ಹೆಜ್ಜೆಯಲ್ಲಿ ಬುಡವನ್ನು ಹೊಸ ಸಂಖ್ಯೆಗೆ ಕಟ್ಟಿಬಿಟ್ಟಿದ್ದಾರೆ. ಆ 10 ಹುಟ್ಟಿದ್ದು 1,200ರ ಮೇಲೆ, 1,320ರ ಮೇಲಲ್ಲ. 1,518 ಎಂಬುದು ಹಿಂದಕ್ಕೆ ಹೋಗುವ ಬದಲು ಶೇ. 15 ಸೇರಿಸಿ ಮುಂದಕ್ಕೆ ಹೋದವರ ಉತ್ತರ. ಇಂಥ ಪ್ರಶ್ನೆಗಳನ್ನು ಬರೆಯುವವರು ಅಭ್ಯರ್ಥಿ ಎಲ್ಲೆಲ್ಲಿ ತಪ್ಪಬಹುದು ಎಂದು ಮೊದಲೇ ಯೋಚಿಸಿ, ಪ್ರತಿ ತಪ್ಪಿಗೂ ಒಂದು ಆಯ್ಕೆ ಇಡುತ್ತಾರೆ. ಹಾಗಾಗಿ 'ನನ್ನ ಉತ್ತರ ಆಯ್ಕೆಗಳಲ್ಲಿ ಇದೆ, ಸರಿಯೇ ಇರಬೇಕು' ಎಂಬ ಸಮಾಧಾನಕ್ಕೆ ಇಲ್ಲಿ ಬೆಲೆಯಿಲ್ಲ. ಬಂದ ಉತ್ತರವನ್ನು ಪ್ರಶ್ನೆಯೊಳಗೆ ಇಟ್ಟು ಒಮ್ಮೆ ಮುಂದಕ್ಕೆ ನಡೆಸಿ ನೋಡುವುದಕ್ಕೆ ಹತ್ತು ಸೆಕೆಂಡು ಸಾಕು. ಮನುಷ್ಯರನ್ನು ಎಣಿಸುವ ಲೆಕ್ಕದಲ್ಲಿ ದಶಮಾಂಶ ಕಂಡರೆ ಅಲ್ಲೇ ನಿಲ್ಲಬೇಕು.

ಹಿಂದಕ್ಕೆ ಹೋಗುವ ಲೆಕ್ಕಗಳ ಬಗ್ಗೆ ಇನ್ನೊಂದು ಮಾತು. 'ಶೇ. 20 ಇಳಿದ ಮೇಲೆ ಇಷ್ಟಾಯಿತು, ಮೊದಲು ಎಷ್ಟಿತ್ತು' ಎಂದು ಕೇಳಿದಾಗ ಕೈ ತಾನಾಗಿ ಶೇ. 20 ಸೇರಿಸಲು ಹೋಗುತ್ತದೆ. ಗುಣಿಸಿ ಬಂದದ್ದನ್ನು ಭಾಗಿಸಿಯೇ ಬಿಡಿಸಬೇಕು. 0.8ರಿಂದ ಭಾಗಿಸುವುದೆಂದರೆ 1.25ರಿಂದ ಗುಣಿಸುವುದು. ಹಾಗಾಗಿ ಶೇ. 20ರ ಇಳಿಕೆಯನ್ನು ಅಳಿಸಲು ಶೇ. 25ರ ಏರಿಕೆ ಬೇಕು.

ಈ 25 ಮತ್ತು 20ರ ಜೋಡಿ ಮೇಲೆ ನನಗೆ ವಿಶೇಷ ಪ್ರೀತಿ. ಇದನ್ನು ಭಿನ್ನರಾಶಿಯಲ್ಲಿ ನೋಡಿದರೆ ಒಳಗುಟ್ಟು ಕಾಣುತ್ತದೆ. 4 ಭಾಗ ಇದ್ದದ್ದು 5 ಭಾಗ ಆಯಿತು. ಹೆಚ್ಚಿದ್ದು ಒಂದೇ ಭಾಗ. ಹೋಗುವಾಗ ಆ ಒಂದು ಭಾಗ 4ರಲ್ಲಿ 1, ಶೇ. 25. ಬರುವಾಗ ಅದೇ ಭಾಗ 5ರಲ್ಲಿ 1, ಶೇ. 20. ಭಾಗ ಬದಲಾಗಲಿಲ್ಲ, ಬುಡ ಬದಲಾಯಿತು. ಇದೇ ದಾರಿಯಲ್ಲಿ 2 ಇದ್ದದ್ದು 3 ಆದರೆ ಶೇ. 50 ಏರಿಕೆ, ವಾಪಸ್ಸು ಬರಲು ಮೂರನೇ ಒಂದರಷ್ಟು ಇಳಿಕೆ. 3 ಇದ್ದದ್ದು 4 ಆದರೆ ಮೂರನೇ ಒಂದರಷ್ಟು ಏರಿಕೆ, ಶೇ. 25 ಇಳಿಕೆ. 1 ಇದ್ದದ್ದು 2 ಆದರೆ ಶೇ. 100 ಏರಿಕೆ, ಶೇ. 50 ಇಳಿಕೆ. ಕ್ಯಾಲ್ಕ್ಯುಲೇಟರ್ ಇಲ್ಲದ ಜಿಮ್ಯಾಟ್‌ಗೆ ಕೂರುವವರು ಈ ಜೋಡಿಗಳನ್ನು ನಾಲಗೆಯ ತುದಿಯಲ್ಲಿ ಇಟ್ಟುಕೊಂಡರೆ ಬೇರೆ ಬೇರೆ ವೇಷದಲ್ಲಿ ಬರುವ ಎಷ್ಟೋ ಪ್ರಶ್ನೆಗಳು ಒಂದೇ ಎಂದು ಗೊತ್ತಾಗುತ್ತದೆ. ವೇಗ ಶೇ. 25 ಹೆಚ್ಚಾದರೆ ಅದೇ ದೂರಕ್ಕೆ ಹಿಡಿಯುವ ಸಮಯ ಶೇ. 20 ಕಡಿಮೆ. ಅಸಲಿನ ಮೇಲೆ ಶೇ. 25 ಲಾಭ ಎಂದರೆ ಮಾರಿದ ಬೆಲೆಯ ಮೇಲೆ ಶೇ. 20 ಲಾಭ. ಆಯತದ ಉದ್ದ ಶೇ. 25 ಹೆಚ್ಚಿದಾಗ ವಿಸ್ತೀರ್ಣ ಅಷ್ಟೇ ಇರಬೇಕಾದರೆ ಅಗಲವನ್ನು ಶೇ. 20 ಇಳಿಸಬೇಕು.

ಏರಿದಷ್ಟೇ ಶೇಕಡಾ ಇಳಿದರೆ ಮೊದಲಿದ್ದಲ್ಲಿಗೆ ಬರುವುದಿಲ್ಲ ಎಂಬುದೂ ಇದೇ ಕಾರಣಕ್ಕೆ. ಶೇ. 10 ಏರಿ ಶೇ. 10 ಇಳಿದರೆ ಉಳಿಯುವುದು ಶೇ. 99. 20 ಏರಿ 20 ಇಳಿದರೆ 96. 50 ಏರಿ 50 ಇಳಿದರೆ ಬರೀ 75. ಮೊದಲು ಇಳಿದು ಆಮೇಲೆ ಏರಿದರೂ ಉತ್ತರ ಅದೇ, ಏಕೆಂದರೆ ಗುಣಾಕಾರದಲ್ಲಿ ಕ್ರಮ ಹಿಂದೆಮುಂದಾದರೂ ಫಲ ಬದಲಾಗದು. ಜಿಆರ್‌ಇಯಲ್ಲಿ ಎರಡು ಮೊತ್ತಗಳನ್ನು ಹೋಲಿಸಿ ಯಾವುದು ದೊಡ್ಡದು ಎಂದು ಕೇಳುವ ಪ್ರಶ್ನೆಗಳಿರುತ್ತವೆ. ಅಲ್ಲಿ ಇದನ್ನು ಇನ್ನೊಂದು ತಿರುವು ಕೊಟ್ಟು ಕೇಳಬಹುದು: ಒಂದು ಸಂಖ್ಯೆಯನ್ನು ಶೇ. 20 ಹೆಚ್ಚಿಸಿ, ಬಂದದ್ದನ್ನು ಶೇ. 20 ಇಳಿಸಿದರೆ ಸಿಗುವುದು ದೊಡ್ಡದೋ, ಮೂಲ ಸಂಖ್ಯೆ ದೊಡ್ಡದೋ? 100 ಇಟ್ಟು ನೋಡಿ 'ಮೂಲವೇ ದೊಡ್ಡದು' ಎಂದು ಬರೆದು ಮುಂದೆ ಹೋಗುವ ಮುನ್ನ ಆ ಸಂಖ್ಯೆ ಧನ ಎಂದು ಪ್ರಶ್ನೆಯಲ್ಲಿ ಹೇಳಿದ್ದಾರೆಯೇ ಎಂದು ನೋಡಬೇಕು. ಅದು ಸೊನ್ನೆಯಾಗಿದ್ದರೆ ಎರಡೂ ಸಮ. ಋಣವಾಗಿದ್ದರೆ, ಉದಾಹರಣೆಗೆ −100 ಆಗಿದ್ದರೆ, ಸಿಗುವುದು −96, ಅದೇ ದೊಡ್ಡದು. ಧನ ಎಂದು ಹೇಳದೆ ಬಿಟ್ಟಿದ್ದರೆ ಸರಿಯಾದ ಉತ್ತರ 'ಕೊಟ್ಟ ಮಾಹಿತಿಯಿಂದ ಹೇಳಲಾಗದು' ಎಂಬುದು.

ಇನ್ನು 'ಗಿಂತ' ಮತ್ತು 'ರಷ್ಟು'. ಒಂದು ಇನ್ನೊಂದರ ಶೇ. 140ರಷ್ಟಿದೆ ಎಂದರೆ 1.4 ಪಟ್ಟು. ಒಂದು ಇನ್ನೊಂದಕ್ಕಿಂತ ಶೇ. 140 ಹೆಚ್ಚಿದೆ ಎಂದರೆ 2.4 ಪಟ್ಟು, ಏಕೆಂದರೆ ಮೊದಲೇ ಇದ್ದ 100ರ ಮೇಲೆ ಈ 140 ಸೇರುತ್ತದೆ. ಸಣ್ಣ ಶೇಕಡಾಗಳಲ್ಲಿ ಯಾರೂ ಇದನ್ನು ತಪ್ಪುವುದಿಲ್ಲ. 'ಶೇ. 10 ಹೆಚ್ಚು' ಎಂಬುದನ್ನು ಯಾರೂ 0.1 ಪಟ್ಟು ಎಂದು ಓದುವುದಿಲ್ಲ. ನೂರು ದಾಟಿದ ಕೂಡಲೇ ಕಣ್ಣು ಮೋಸಹೋಗುತ್ತದೆ, ಏಕೆಂದರೆ 1.4 ಎಂಬುದೂ ಹೆಚ್ಚಿನ ಹಾಗೇ ಕಾಣುತ್ತದೆ. ಎಸ್‌ಎಟಿ ಮಾದರಿಯ ಒಂದು ಪ್ರಶ್ನೆ ನೋಡಿ. ಮೊದಲ ಸಂಖ್ಯೆ ಎರಡನೆಯದಕ್ಕಿಂತ ಶೇ. 140 ಹೆಚ್ಚು. ಎರಡನೆಯದು ಮೂರನೆಯದರ ಶೇ. 35. ಹಾಗಾದರೆ ಮೊದಲನೆಯದು ಮೂರನೆಯದರ ಶೇಕಡಾ ಎಷ್ಟು? 2.4 ಗುಣಿಸು 0.35, ಅಂದರೆ 0.84. ಉತ್ತರ ಶೇ. 84. ತಪ್ಪು ಓದಿದವರಿಗೆ 1.4 ಗುಣಿಸು 0.35, ಶೇ. 49 ಬರುತ್ತದೆ. ಎರಡೂ ನೋಡಲು ಅಷ್ಟೇ ಅಚ್ಚುಕಟ್ಟು.

ಇಂಥ ಪ್ರಶ್ನೆಗೆ ಆಯ್ಕೆಗಳ ಬದಲು ಖಾಲಿ ಚೌಕ ಕೊಟ್ಟಿದ್ದರೆ ಎಸ್‌ಎಟಿಯಲ್ಲಿ 84 ಎಂದಷ್ಟೇ ತುಂಬಬೇಕು, % ಚಿಹ್ನೆ ಹಾಕಬಾರದು. ಶೇಕಡಾ ಎಷ್ಟು ಎಂದು ಕೇಳಿದಾಗ 0.84 ಎಂದು ತುಂಬಿದರೆ ಅದು ಬೇರೆಯೇ ಉತ್ತರ. ಜಿಆರ್‌ಇಯಲ್ಲೂ ಚೌಕದ ಪಕ್ಕದಲ್ಲಿ % ಇದೆಯೇ ಎಂದು ನೋಡಿಯೇ ತುಂಬಬೇಕು. ಇಷ್ಟು ಕಷ್ಟಪಟ್ಟು ಬಿಡಿಸಿದ ಲೆಕ್ಕ ಚೌಕದಲ್ಲಿ ಕಳೆದುಹೋಗಬಾರದು.

ಶೇಕಡಾ ಮತ್ತು ಶೇಕಡಾ ಅಂಶ, ಇವೆರಡನ್ನೂ ಬೇರೆ ಇಡಿ. ಬಡ್ಡಿ ದರ ಶೇ. 4ರಿಂದ ಶೇ. 5ಕ್ಕೆ ಏರಿದರೆ ಏರಿದ್ದು ಒಂದು ಶೇಕಡಾ ಅಂಶ, ಆದರೆ ದರದ ಏರಿಕೆ ಶೇ. 25. ನಕ್ಷೆ, ಕೋಷ್ಟಕ ಕೊಟ್ಟು ಕೇಳುವ ಪ್ರಶ್ನೆಗಳಲ್ಲಿ ಇದು ಮತ್ತೆ ಮತ್ತೆ ಬರುತ್ತದೆ.

ಗುರು ಸ್ಥಾನದಲ್ಲಿರುವವರೆಲ್ಲ ಹೇಳಿಕೊಡುವ ಉಪಾಯ '100 ಎಂದು ಇಟ್ಟುಕೊಳ್ಳಿ' ಎಂಬುದು. ಒಳ್ಳೆಯ ಉಪಾಯವೇ, ಆದರೆ ಅದಕ್ಕೆ ಒಂದು ಷರತ್ತಿದೆ. ಪ್ರಶ್ನೆಯಲ್ಲಿ ಒಂದೂ ನಿಜವಾದ ಮೊತ್ತ ಇಲ್ಲದೆ, ಬರೀ ಶೇಕಡಾಗಳನ್ನು ಕೊಟ್ಟು ಶೇಕಡಾವನ್ನೇ ಕೇಳಿದ್ದರೆ ಮಾತ್ರ 100 ಇಡಬಹುದು. ಮೇಲಿನ ಸಂಘದ ಲೆಕ್ಕದಲ್ಲಿ 1,320 ಎಂದು ಹೇಳಿಬಿಟ್ಟಿದ್ದಾರೆ, ಅಲ್ಲಿ 100 ಇಟ್ಟರೆ ಕೊನೆಯಲ್ಲಿ ಅನುಪಾತ ಹಾಕಿ ಸರಿಪಡಿಸಬೇಕಾಗುತ್ತದೆ. ಭಿನ್ನರಾಶಿಗಳು ಸೇರಿಕೊಂಡಿದ್ದರಂತೂ 100 ಹಠಮಾರಿಯಾಗುತ್ತದೆ. ಎಂಟನೇ ಮೂರು, ಅದರಲ್ಲಿ ಮೂರನೇ ಒಂದು ಎಂದಿದ್ದರೆ 24 ಇಟ್ಟುಕೊಳ್ಳಿ. 9, ಅದರಲ್ಲಿ 3. 24ರಲ್ಲಿ 3 ಎಂದರೆ ಶೇ. 12.5, ಮುಗಿಯಿತು. 100ಕ್ಕೆ ಅಂಟಿಕೊಂಡವರು 37.5 ಮಂದಿಯನ್ನು ಮೂರು ಪಾಲು ಮಾಡುತ್ತ ಕೂರುತ್ತಾರೆ. ಎರಡು ಸ್ವತಂತ್ರ ಗುಂಪುಗಳಿದ್ದಾಗ ಎರಡಕ್ಕೂ 100 ಇಡುವುದು ಇನ್ನೂ ಅಪಾಯ, ಏಕೆಂದರೆ ಎರಡೂ ಗುಂಪು ಸಮ ಎಂದು ಪ್ರಶ್ನೆ ಎಲ್ಲೂ ಹೇಳಿರುವುದಿಲ್ಲ.

ಆ ಅಪಾಯ ಎಷ್ಟು ದೊಡ್ಡದು ಎಂಬುದಕ್ಕೆ ಪರೀಕ್ಷೆಯ ಆಚೆಗಿನ ಒಂದು ನಿಜವಾದ ಉದಾಹರಣೆ ಇದೆ. 1973ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿಯಲ್ಲಿ ಸ್ನಾತಕೋತ್ತರ ಪ್ರವೇಶಕ್ಕೆ ಅರ್ಜಿ ಹಾಕಿದ ಪುರುಷರಲ್ಲಿ ಸುಮಾರು ಶೇ. 44 ಮಂದಿಗೆ, ಮಹಿಳೆಯರಲ್ಲಿ ಸುಮಾರು ಶೇ. 35 ಮಂದಿಗೆ ಪ್ರವೇಶ ಸಿಕ್ಕಿತ್ತು. ಪೀಟರ್ ಬಿಕೆಲ್ ಮತ್ತು ಸಂಗಡಿಗರು ಇದನ್ನು ವಿಭಾಗವಾರು ಬಿಡಿಸಿ ನೋಡಿ 1975ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬರೆದರು. ಅತಿ ಹೆಚ್ಚು ಅರ್ಜಿ ಬಂದ ವಿಭಾಗದಲ್ಲಿ 825 ಪುರುಷರಲ್ಲಿ ಶೇ. 62 ಮಂದಿಗೆ ಪ್ರವೇಶ, 108 ಮಹಿಳೆಯರಲ್ಲಿ ಶೇ. 82 ಮಂದಿಗೆ. ಪ್ರವೇಶ ತುಂಬ ಕಷ್ಟವಿದ್ದ ಇನ್ನೊಂದು ವಿಭಾಗದಲ್ಲಿ 373 ಪುರುಷರಲ್ಲಿ ಶೇ. 6, 341 ಮಹಿಳೆಯರಲ್ಲಿ ಶೇ. 7. ಎರಡೂ ಕಡೆ ಮಹಿಳೆಯರ ಶೇಕಡಾವೇ ಹೆಚ್ಚು, ಒಟ್ಟಿನಲ್ಲಿ ಕಡಿಮೆ. ಹೆಚ್ಚಿನ ಮಹಿಳೆಯರು ಅರ್ಜಿ ಹಾಕಿದ್ದು ಯಾರಿಗೂ ಸುಲಭವಾಗಿ ಸೀಟು ಸಿಗದ ವಿಭಾಗಗಳಿಗೆ. ಪ್ರತಿ ಶೇಕಡಾದ ಬುಡದ ಗಾತ್ರ ಬೇರೆ ಬೇರೆ. ಇದನ್ನು ಓದಿದ ಮೇಲೆ ಯಾರೂ ಎರಡು ಶೇಕಡಾಗಳನ್ನು ಕೂಡಿ ಎರಡರಿಂದ ಭಾಗಿಸಲು ಹೋಗಲಾರರು ಎಂದು ನನ್ನ ನಂಬಿಕೆ. ಅದಕ್ಕೇ ನಾನು ಇದನ್ನು ಎಲ್ಲರಿಗೂ ಹೇಳುತ್ತೇನೆ.

ಪರೀಕ್ಷೆಯಲ್ಲಿ ಇದೇ ವಿಷಯ ಚಿಕ್ಕದಾಗಿ ಬರುತ್ತದೆ. ಒಂದು ತಂಡದಲ್ಲಿ ಶೇ. 40 ಮಂದಿ ಉತ್ತೀರ್ಣ, ಇನ್ನೊಂದರಲ್ಲಿ ಶೇ. 60, ಎರಡೂ ಸೇರಿ ಶೇ. 45. ತಂಡಗಳ ಗಾತ್ರದ ಅನುಪಾತ ಎಷ್ಟು? 45 ಎಂಬುದು 40ರಿಂದ 5 ದೂರ, 60ರಿಂದ 15 ದೂರ. ಸರಾಸರಿ ದೊಡ್ಡ ತಂಡದ ಹತ್ತಿರ ಸರಿದಿರುತ್ತದೆ. ಹಾಗಾಗಿ ಅನುಪಾತ ತಿರುವುಮುರುವು, 15ಕ್ಕೆ 5, ಅಂದರೆ 3:1. ಸಮೀಕರಣ ಬರೆಯುವ ಅಗತ್ಯವೇ ಇಲ್ಲ.

ಜಿಮ್ಯಾಟ್‌ನಲ್ಲಿ ಉತ್ತರ ಕಂಡುಹಿಡಿಯುವ ಬದಲು 'ಕೊಟ್ಟ ಹೇಳಿಕೆ ಸಾಕೇ' ಎಂದಷ್ಟೇ ಕೇಳುವ ಪ್ರಶ್ನೆಗಳಿವೆ, ಈಗ ಅವು ಡೇಟಾ ಇನ್‌ಸೈಟ್ಸ್ ಭಾಗದಲ್ಲಿ ಬರುತ್ತವೆ. ಆದಾಯ ಶೇಕಡಾ ಎಷ್ಟು ಏರಿತು ಎಂದು ಕೇಳಿ, ಮೊದಲ ಹೇಳಿಕೆಯಲ್ಲಿ 'ಆದಾಯ 30 ಲಕ್ಷ ಹೆಚ್ಚಿತು' ಎನ್ನುತ್ತಾರೆ. ಸಾಲದು, ಬುಡ ಗೊತ್ತಿಲ್ಲ. ಎರಡನೆಯದರಲ್ಲಿ 'ಏರಿಕೆಯ ಮೊತ್ತ ಈ ವರ್ಷದ ಆದಾಯದ ಏಳನೇ ಎರಡು ಭಾಗ' ಎನ್ನುತ್ತಾರೆ. ಒಂದು ರೂಪಾಯಿಯ ಲೆಕ್ಕವೂ ಇಲ್ಲ, ಆದರೂ ಸಾಕು. ಈ ವರ್ಷ 7 ಭಾಗ, ಏರಿದ್ದು 2, ಹೋದ ವರ್ಷ 5. ಐದರಲ್ಲಿ ಎರಡು, ಶೇ. 40. ದೊಡ್ಡ ಮೊತ್ತ ಕೊಟ್ಟ ಹೇಳಿಕೆ ಬಡವಾಗಿ, ಬರೀ ಅನುಪಾತ ಕೊಟ್ಟ ಹೇಳಿಕೆ ಪೂರ್ಣವಾಗುವುದು ಶೇಕಡಾ ಲೆಕ್ಕದ ಸೊಬಗು.

ಮಿಶ್ರಣದ ಲೆಕ್ಕಗಳಿಗೆ ಬರೋಣ. ಇಲ್ಲಿ ಬಾಣದ ಜೊತೆಗೆ ಇನ್ನೊಂದು ಪ್ರಶ್ನೆ ಬೇಕು: ಯಾವುದು ಬದಲಾಗುವುದಿಲ್ಲ? 100 ಕೆಜಿ ತೂಗುವ ಒಂದು ಪದಾರ್ಥದಲ್ಲಿ ಶೇ. 99 ನೀರು. ಬಿಸಿಲಿಗಿಟ್ಟ ಮೇಲೆ ನೀರು ಶೇ. 98 ಆಯಿತು. ಈಗ ತೂಕ ಎಷ್ಟು? ಮೊದಲ ಸಲ ಕೇಳಿದವರು 99 ಕೆಜಿ ಎನ್ನುತ್ತಾರೆ. ಉತ್ತರ 50 ಕೆಜಿ. ನಂಬಲು ಕಷ್ಟ, ಹಾಗಾಗಿ ನಿಧಾನವಾಗಿ ನೋಡೋಣ. ಬಿಸಿಲು ಒಯ್ದದ್ದು ನೀರನ್ನು ಮಾತ್ರ. ಒಣ ಭಾಗ ಮೊದಲೂ 1 ಕೆಜಿ, ಈಗಲೂ 1 ಕೆಜಿ. ಮೊದಲು ಆ 1 ಕೆಜಿ ಒಟ್ಟು ತೂಕದ ಶೇ. 1 ಆಗಿತ್ತು, ಈಗ ಶೇ. 2. ತಾನು ಬೆಳೆಯದೆ ಅದರ ಪಾಲು ಎರಡು ಪಟ್ಟಾಗಬೇಕಾದರೆ ಒಟ್ಟು ತೂಕ ಅರ್ಧವಾಗಲೇಬೇಕು. ನೀರಿನ ಶೇಕಡಾ 99ರಿಂದ 98ಕ್ಕೆ ಇಳಿದದ್ದು ಕಣ್ಣಿಗೆ ಚಿಕ್ಕದು, ಏಕೆಂದರೆ ನಾವು ನೋಡುತ್ತಿರುವುದು ಬದಲಾಗುತ್ತಿರುವ ವಸ್ತುವನ್ನು, ಬದಲಾಗುತ್ತಿರುವ ಬುಡದ ಮೇಲೆ. ನೋಡಬೇಕಾದದ್ದು ನಿಂತಲ್ಲೇ ನಿಂತಿರುವ ಆ 1 ಕೆಜಿಯನ್ನು.

ಪರೀಕ್ಷೆಯ ಮಿಶ್ರಣಗಳೂ ಹೀಗೇ ಬಿಡಿಸಿಕೊಳ್ಳುತ್ತವೆ. 40 ಲೀಟರ್ ದ್ರಾವಣದಲ್ಲಿ ಶೇ. 15 ಆಮ್ಲ. ಎಷ್ಟು ನೀರು ಆವಿಯಾದರೆ ಅದು ಶೇ. 24 ಆಗುತ್ತದೆ? ಆಮ್ಲ 6 ಲೀಟರ್, ಅದು ಅಲುಗುವುದಿಲ್ಲ. 6 ಎಂಬುದು ಶೇ. 24 ಆಗಬೇಕಾದರೆ ಒಟ್ಟು 25 ಲೀಟರ್. ಆವಿಯಾಗಬೇಕಾದದ್ದು 15. ಶುದ್ಧ ಆಮ್ಲ ಸೇರಿಸುವ ಲೆಕ್ಕವಾಗಿದ್ದರೆ ನೀರು ನಿಂತಿರುತ್ತದೆ, ಆಗ ನೀರನ್ನು ಹಿಡಿದು ಹೊರಡಬೇಕು.

ಸಮಯದ ಮಾತು. ಜಿಆರ್‌ಇ ಕ್ವಾಂಟ್‌ನಲ್ಲಿ 12 ಪ್ರಶ್ನೆಗೆ 21 ನಿಮಿಷ, ಇನ್ನೊಂದು ಭಾಗದ 15 ಪ್ರಶ್ನೆಗೆ 26 ನಿಮಿಷ. ಎಸ್‌ಎಟಿ ಗಣಿತದ ಪ್ರತಿ ಭಾಗದಲ್ಲಿ 22 ಪ್ರಶ್ನೆಗೆ 35 ನಿಮಿಷ. ಜಿಮ್ಯಾಟ್ ಕ್ವಾಂಟ್‌ನಲ್ಲಿ 21 ಪ್ರಶ್ನೆಗೆ 45 ನಿಮಿಷ. ಅಂದಾಜು ಒಂದೂವರೆಯಿಂದ ಎರಡು ನಿಮಿಷಕ್ಕೊಂದು ಪ್ರಶ್ನೆ. ಇಷ್ಟರಲ್ಲಿ ಬಾಣ ಎಳೆಯುತ್ತ ಕೂರಲು ಪುರುಸೊತ್ತೆಲ್ಲಿ ಎಂದು ಕೇಳುವವರಿಗೆ ನನ್ನ ಉತ್ತರ ಇಷ್ಟೇ: ಅರ್ಧ ನಿಮಿಷ ಓದುವುದಕ್ಕೇ ಇಡಿ. ಬುಡಗಳು ಸಿಕ್ಕ ಮೇಲೆ ಉಳಿಯುವ ಗುಣಾಕಾರಕ್ಕೆ ಇಪ್ಪತ್ತು ಸೆಕೆಂಡೂ ಬೇಕಾಗುವುದಿಲ್ಲ. ಗುಣಾಕಾರ ಎಲ್ಲಾದರೂ ಒರಟಾಗಿ ಕಂಡರೆ ತಿರುಗಿಸಿ ನೋಡಿ. 25ರ ಶೇ. 48 ಎಂದರೂ 48ರ ಶೇ. 25 ಎಂದರೂ ಒಂದೇ, 12.

ಕೊನೆಗೆ, ನಾನು ಎಲ್ಲರಿಗೂ ಕೊಡುವ ಒಂದು ಲೆಕ್ಕ. ಇದರಲ್ಲಿ ಬುಡ ಮೂರು ಸಲ ಜಾಗ ಬದಲಿಸುತ್ತದೆ. ಒಂದು ಪರೀಕ್ಷೆಯಲ್ಲಿ ಎರಡು ಪತ್ರಿಕೆಗಳು. ಅಭ್ಯರ್ಥಿಗಳಲ್ಲಿ ಶೇ. 60 ಮಂದಿ ಮೊದಲ ಪತ್ರಿಕೆಯಲ್ಲಿ ಉತ್ತೀರ್ಣರಾದರು. ಹಾಗೆ ಉತ್ತೀರ್ಣರಾದವರಲ್ಲಿ ಶೇ. 40 ಮಂದಿ ಎರಡನೆಯದರಲ್ಲೂ ಉತ್ತೀರ್ಣರು. ಎರಡನೇ ಪತ್ರಿಕೆಯಲ್ಲಿ ಉತ್ತೀರ್ಣರಾದವರಲ್ಲಿ ಶೇ. 75 ಮಂದಿ ಮೊದಲನೆಯದರಲ್ಲೂ ಉತ್ತೀರ್ಣರಾಗಿದ್ದರು. ಎರಡರಲ್ಲೂ ಅನುತ್ತೀರ್ಣರಾದವರು ಶೇಕಡಾ ಎಷ್ಟು?

ನಿಜವಾದ ಮೊತ್ತ ಎಲ್ಲೂ ಇಲ್ಲ, ಹಾಗಾಗಿ ಇಲ್ಲಿ 100 ಅಭ್ಯರ್ಥಿಗಳು ಎಂದು ಧೈರ್ಯವಾಗಿ ಇಟ್ಟುಕೊಳ್ಳಬಹುದು. 60ರ ಬುಡ ಎಲ್ಲ ಅಭ್ಯರ್ಥಿಗಳು. 40ರ ಬುಡ ಆ 60 ಮಂದಿ, ಹಾಗಾಗಿ ಎರಡರಲ್ಲೂ ಉತ್ತೀರ್ಣರು 24. ಇನ್ನು 75. ಅದರ ಬುಡ ಎರಡನೇ ಪತ್ರಿಕೆಯಲ್ಲಿ ಉತ್ತೀರ್ಣರಾದವರು, ಅವರ ಸಂಖ್ಯೆ ಇನ್ನೂ ಗೊತ್ತಿಲ್ಲ. ಹೆಚ್ಚಿನವರು ನಿಲ್ಲುವುದು ಇಲ್ಲೇ. ಆದರೆ ಎರಡರಲ್ಲೂ ಉತ್ತೀರ್ಣರಾದವರು ಯಾವ ಕಡೆಯಿಂದ ಎಣಿಸಿದರೂ ಅದೇ 24 ಮಂದಿ. ಮೊದಲ ಪತ್ರಿಕೆಯ ಕಡೆಯಿಂದ ನೋಡಿದರೆ ಶೇ. 40, ಎರಡನೆಯದರ ಕಡೆಯಿಂದ ನೋಡಿದರೆ ಶೇ. 75. 24 ಎಂಬುದು ಯಾವುದರ ಮುಕ್ಕಾಲು? 32ರ. ಹಾಗಾದರೆ ಎರಡನೇ ಪತ್ರಿಕೆಯಲ್ಲಿ ಉತ್ತೀರ್ಣರು 32. ಯಾವುದಾದರೂ ಒಂದರಲ್ಲಾದರೂ ಉತ್ತೀರ್ಣರಾದವರು 60 ಮತ್ತು 32 ಕೂಡಿ, ಎರಡು ಸಲ ಎಣಿಸಿದ 24 ಕಳೆದರೆ, 68. ಎರಡರಲ್ಲೂ ಅನುತ್ತೀರ್ಣರು ಶೇ. 32.

ಅಕ್ಕನ ಮಗಳು ಇದನ್ನು ಬಿಡಿಸಿದ ಮೇಲೆ ನಾನು ಇನ್ನೊಂದು ಕೇಳಿದೆ. ಮೊದಲ ಪತ್ರಿಕೆಯಲ್ಲಿ ಅನುತ್ತೀರ್ಣರಾದವರಲ್ಲಿ ಎರಡನೆಯದರಲ್ಲಿ ಉತ್ತೀರ್ಣರಾದವರು ಶೇಕಡಾ ಎಷ್ಟು? ಅವಳು ಏನೂ ಮಾತಾಡದೆ ಬಾಣ ಎಳೆದಳು. ತುದಿಯಲ್ಲಿ '40 ಮಂದಿ' ಎಂದು ಬರೆದಳು. 32ರಲ್ಲಿ 24 ಹೋಗಿ 8. ನಲವತ್ತರಲ್ಲಿ ಎಂಟು, ಶೇ. 20.